ಎರಡು ಗುಂಡಿ, ಒಂದು ಕೈ

ತುರುವೇಕೆರೆ
9 ಜೂನ್ 2024

ದಯಾನಂದ,

ನನ್ನ ಅಕ್ಷರ ನೋಡಿ ನಗಬೇಡ. ಬೆಳಗ್ಗೆ ತಿಂಡಿ ತಿಂದು ಬರೆಯಲು ಕೂತವನು, ಈಗ ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿಗೆ ಕೂಗುತ್ತಿದ್ದಾರೆ. ಅಂಗೈಗೆ ಪಟ್ಟಿ ಕಟ್ಟಿ ಅದರೊಳಗೆ ಪೆನ್ನು ಸಿಕ್ಕಿಸಿಕೊಂಡಿದ್ದೇನೆ. ಬೆರಳು ಬರೆಯುತ್ತಿಲ್ಲ, ಭುಜ ಬರೆಯುತ್ತಿದೆ. ಆಸ್ಪತ್ರೆಯಿಂದ ಹೊರಡುವ ದಿನ, ವ್ಯಾಯಾಮ ಮಾಡಿಸುತ್ತಿದ್ದ ಜೀವಿತಾ ಮೇಡಂ ಹೇಳಿದ್ದು ಇದನ್ನೇ ತಾನೆ? ಇಬ್ಬರೂ ಒಬ್ಬರಿಗೊಬ್ಬರು ಕಾಗದ ಬರೆಯಬೇಕು, ಫೋನು ಮಾಡಿದರೆ ಕೈಗೆ ವ್ಯಾಯಾಮ ಆಗುವುದಿಲ್ಲ ಅಂತ. ನನಗೆ ಇನ್ನೊಂದು ಕಾರಣವೂ ಇದೆ. ಫೋನನ್ನು ನಾನು ಹಿಡಿಯಲಾರೆ. ಸ್ಪೀಕರ್ ಹಾಕಿದರೆ ಅಮ್ಮಿ ಅಡುಗೆಮನೆಯಿಂದಲೇ ಎಲ್ಲ ಕೇಳಿಸಿಕೊಳ್ಳುತ್ತಾರೆ. ಆಗ "ಚೆನ್ನಾಗಿದ್ದೀನಿ" ಅನ್ನುವುದು ಬಿಟ್ಟು ಬೇರೇನೂ ಹೇಳಲಾಗುವುದಿಲ್ಲ.

ನೀನು ತೆಂಗಿನ ಮರದಿಂದ ಬಿದ್ದೆ, ನಾನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲಿಂದ. ನಿನಗೆ ಬೆನ್ನು ಮುರಿದು ಕಾಲು ಹೋಯಿತು, ನನಗೆ ಕುತ್ತಿಗೆ ಮುರಿದು ಕೈಯೂ ಹೋಯಿತು. ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚ ಸಿಕ್ಕದೇ ಹೋಗಿದ್ದರೆ ಹಂದನಕೆರೆ ಎಲ್ಲಿದೆ ಅಂತಲೂ ನಾನು ಕೇಳುತ್ತಿರಲಿಲ್ಲ. ಮೊದಲಾದರೆ ಬೈಕಿನಲ್ಲಿ ಬೆಳಗ್ಗೆ ಹೋಗಿ ಮಧ್ಯಾಹ್ನ ವಾಪಸ್ಸು ಬರಬಹುದಾಗಿದ್ದ ಊರು. ಈಗ ನಮ್ಮಿಬ್ಬರಿಗೂ ಅದು ಸಮುದ್ರದಾಚೆಗಿದೆ.

ತಮ್ಮ ಬಿಲಾಲ್ ಒಂದು ಹಳೆಯ ಕಂಪ್ಯೂಟರ್ ತಂದು ಅದಕ್ಕೆ ಆಸ್ಪತ್ರೆಯಲ್ಲಿ ನಾವು ಆಡುತ್ತಿದ್ದ ವಿಮಾನದ ಸಿಮ್ಯುಲೇಟರ್ ಹಾಕಿಸಿಕೊಟ್ಟಿದ್ದಾನೆ. ಅದೇ ಸ್ಪಿಟ್‌ಫೈರ್. ಅದೇ ಹಳೇ ಯುದ್ಧಕಾಲದ ಗಡಿಯಾರಗಳು, ಸ್ವಿಚ್ಚುಗಳು. ಎಲ್ಲ ಸ್ವಿಚ್ಚನ್ನೂ ನಾನೇ ಹಾಕುತ್ತೇನೆ. ಕೊನೆಗೆ ಕೀಬೋರ್ಡಿನ ಎರಡು ಗುಂಡಿಯನ್ನು ಒಟ್ಟಿಗೆ ಅದುಮಿ ಹಿಡಿಯಬೇಕಲ್ಲ, ಒಂದು ಸ್ಟಾರ್ಟರಿಗೆ, ಇನ್ನೊಂದು ಕಿಡಿ ಹೊತ್ತಿಸುವ ಕಾಯಿಲಿಗೆ, ಅಲ್ಲಿ ನಿಂತುಹೋಗುತ್ತೇನೆ. ಎಡಗೈಯನ್ನು ಕುರ್ಚಿಯ ಬೆನ್ನಿಗೆ ಸಿಕ್ಕಿಸಿಕೊಳ್ಳದಿದ್ದರೆ ಮುಂದಕ್ಕೆ ಮುಗ್ಗರಿಸುತ್ತೇನೆ. ಉಳಿದದ್ದು ಬಲಗೈಗೆ ಕಟ್ಟಿದ ಒಂದು ಕಡ್ಡಿ. ಆಸ್ಪತ್ರೆಯಲ್ಲಿ ಎರಡನೇ ಗುಂಡಿ ನೀನು ಹಿಡಿಯುತ್ತಿದ್ದೆ.

ವಿಮಾನದ ಮೂತಿಯ ಫ್ಯಾನಿನ ರೆಕ್ಕೆ ಒಂದು ಸುತ್ತು ತಿರುಗುತ್ತದೆ, ಎಂಜಿನ್ ಕೆಮ್ಮುತ್ತದೆ, ನಿಲ್ಲುತ್ತದೆ. ನಾನು ನೋಡುತ್ತಾ ಕೂರುತ್ತೇನೆ.

ಅಕ್ಸಾ ಚೆನ್ನಾಗಿದ್ದಾಳೆ. ನಿನ್ನ ಅವ್ವನಿಗೆ, ತಂಗಿ ಭಾನುಪ್ರಿಯಾಗೆ ಸಲಾಮು ಹೇಳು.

ಇಸ್ರಾರ್


ಹಂದನಕೆರೆ
20 ಜೂನ್ 2024

ಇಸ್ರಾರ,

ನಿನ್ನ ಕಾಗದ ಬಂತು. ಅಕ್ಷರ ನೋಡಿ ನಾನು ನಗಲಿಲ್ಲ, ಅವ್ವ ನಕ್ಕಳು. "ಇದ್ಯಾರ್ಲಾ ಕೋಳಿ ಕಾಲಿಗೆ ಮಸಿ ಹಚ್ಚಿ ಬುಟ್ಟೋರು" ಅಂದಳು. ಆಮೇಲೆ ನಿನ್ನದು ಅಂತ ಗೊತ್ತಾಗಿ ಕಾಗದವನ್ನು ಕಣ್ಣಿಗೆ ಒತ್ತಿಕೊಂಡು ದೇವರ ಗೂಡಿನಲ್ಲಿ ಇಟ್ಟಳು. ಉತ್ತರ ಬರೆಯಲು ಅಲ್ಲಿಂದ ಈಸಿಕೊಂಡು ಬರಬೇಕಾಯಿತು.

ನನ್ನನ್ನು ಅಟ್ಟದ ಕೆಳಗಿನ ಕೋಣೆಯಲ್ಲಿ ಇಟ್ಟಿದ್ದಾರೆ. ತಲೆಯ ಮೇಲೆ ಕೊಬ್ಬರಿಗೆಂದು ಹಾಕಿದ ಕಾಯಿ ಒಣಗುತ್ತಿವೆ. ಇಲಿ ಓಡಾಡಿದಾಗ ಕಾಯಿ ಉರುಳಿ, ಗುಡುಗಿದ ಹಾಗೆ ಸದ್ದಾಗುತ್ತದೆ. ಕಿಟಕಿಯಿಂದ ನೋಡಿದರೆ ಬರೀ ಮರದ ಬುಡಗಳು. ನಾನು ಬಿದ್ದ ಮರವೂ ಅದರಲ್ಲಿ ಒಂದು. ಅದನ್ನು ಕಡಿಸುತ್ತೇನೆ ಅಂತ ಅಪ್ಪ ಮೊದಲಿಗೆ ಹಾರಾಡಿದರು. ಬೇಡ ಅಂದೆ. ಮರ ಹತ್ತುವವರು ಬರಲಿಲ್ಲ, ಲಾರಿ ಕಾಯುತ್ತಿತ್ತು, ನಾನೇ ಹತ್ತಿದೆ. ಮರದ್ದೇನು ತಪ್ಪು?

ಆದರೆ ಲ್ಯಾಪ್‌ಟಾಪ್ ತೆಗೆದರೆ ನಾನು ಇಲ್ಲಿರುವುದಿಲ್ಲ ಕಣ್ಲಾ. ಸ್ಪಿಟ್‌ಫೈರ್ ಏರಿ ಯಾವುದೋ ದೇಶದ ಕಡಲ ಮೇಲೆ ಹಾರುತ್ತಿರುತ್ತೇನೆ. ಅಲ್ಲಿ ಯಾರ ಮೇಲೂ ಗುಂಡು ಹಾರಿಸುವುದಿಲ್ಲ, ಸುಮ್ಮನೆ ಹಾರುತ್ತೇನೆ. ಮೇಲಿಂದ ನೋಡಿದರೆ ಮರವೆಲ್ಲ ಪಾಚಿಯ ಹಾಗೆ ಕಾಣುತ್ತದೆ. ಊಟಕ್ಕೆ ಬಾ ಅಂತ ಅವ್ವ ಕೂಗಿದರೆ, ಇಳಿಯಲು ಇನ್ನೂ ಸ್ವಲ್ಪ ಹೊತ್ತು ಬೇಕು ಅನ್ನುತ್ತೇನೆ.

ನಿನ್ನ ತೊಂದರೆಗೆ ಎರಡು ದಾರಿ ಇದೆ. ಎಲ್ಲವನ್ನೂ ತಾನೇ ಮಾಡಿಬಿಡುವ ಗುಂಡಿಯೊಂದಿದೆ, ಅದನ್ನು ಒತ್ತಿಬಿಡು. ಸ್ವಿಚ್ಚು, ಪೆಟ್ರೋಲು, ಸ್ಟಾರ್ಟರು ಎಲ್ಲ ಅದೇ ನೋಡಿಕೊಳ್ಳುತ್ತದೆ. ಅದು ಬೇಡ ಅಂದರೆ ಅಕ್ಸಾ ಅತ್ತಿಗೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡನೇ ಗುಂಡಿ ಹಿಡಿಯುವುದಕ್ಕೆ ಹೇಳು. ಗಂಡ ಒಂದು, ಹೆಂಡತಿ ಒಂದು. ನನಗೇನು, ಹಿಡಿಯುವವರು ಯಾರೂ ಇಲ್ಲ, ಅದಕ್ಕೇ ದೇವರು ಎರಡೂ ಕೈ ಉಳಿಸಿದ್ದಾನೆ.

ನಾನು ಆರೋಗ್ಯವಾಗಿದ್ದೇನೆ. ಬೇಗ ಬರೆ.

ದಯಾನಂದ


ತುರುವೇಕೆರೆ
28 ಜುಲೈ 2024

ದಯಾನಂದ,

ಬರೆಯುವುದು ತಡವಾಯಿತು. ಜ್ವರ ಇತ್ತು ಅಂತ ತಿಳಿದುಕೋ.

ಎಲ್ಲವನ್ನೂ ತಾನೇ ಮಾಡುವ ಗುಂಡಿ ಇರುವುದು ನನಗೂ ಗೊತ್ತು. ಬೆಳಗ್ಗೆ ಎದ್ದರೆ ನನ್ನ ಎಲ್ಲ ಕೆಲಸವೂ ಹಾಗೇ ಆಗುತ್ತದೆ. ಮುಖ ಅಮ್ಮಿ ತೊಳೆಸುತ್ತಾರೆ, ಮಗ್ಗುಲು ಬಿಲಾಲ್ ತಿರುಗಿಸುತ್ತಾನೆ, ಅನ್ನ ಯಾರೋ ಬಾಯಿಗಿಡುತ್ತಾರೆ. ಕಂಪ್ಯೂಟರಿನಲ್ಲೂ ಅದೇ ಆಗುವುದಾದರೆ ಅದನ್ನು ಯಾಕೆ ತೆಗೆಯಲಿ?

ನನಗೆ ಹಾರಬೇಕಾಗಿಲ್ಲ. ನಿನಗೆ ಇದು ಅರ್ಥವಾಗಲಿಲ್ಲ. ಕೈಯಲ್ಲಿ ಸ್ಪ್ಯಾನರ್ ಹಿಡಿದಂದಿನಿಂದ ನಾನು ಮಾಡಿದ್ದು ಒಂದೇ ಕೆಲಸ, ನಿಂತ ಎಂಜಿನ್ ಸ್ಟಾರ್ಟ್ ಮಾಡುವುದು. ಮಾಯಸಂದ್ರದ ಕಡೆಯಿಂದ ಟ್ರ್ಯಾಕ್ಟರ್ ಎಳೆದುಕೊಂಡು ಬರುತ್ತಿದ್ದರು. ಸ್ಟಾರ್ಟ್ ಆದಮೇಲೆ ಅದನ್ನು ಓಡಿಸಿಕೊಂಡು ಹೋಗುವುದು ಅವರ ಕೆಲಸ, ನಾನು ತಿರುಗಿಯೂ ನೋಡುತ್ತಿರಲಿಲ್ಲ. ಅದು ಹಿಡಿದುಕೊಳ್ಳುವ ಗಳಿಗೆ ಇದೆಯಲ್ಲ, ಕೆಮ್ಮಿ, ನಡುಗಿ, ಆಮೇಲೆ ಒಂದೇ ಸಮ ಓಡುವುದು, ಅಷ್ಟು ನನ್ನದು. ಇನ್ನೊಂದು ಸಲ ಅದು ಆಗಬೇಕು. ಸುಳ್ಳು ಎಂಜಿನ್ನೇ ಆಗಲಿ. ನನ್ನ ಕೈಯಿಂದ ಆಗಬೇಕು.

ಇನ್ನು ಮುಂದೆ ಅಕ್ಸಾ ವಿಷಯದಲ್ಲಿ ತಮಾಷೆ ಬೇಡ.

ಇಸ್ರಾರ್


ಹಂದನಕೆರೆ
4 ಆಗಸ್ಟ್ 2024

ಇಸ್ರಾರ,

ಅತ್ತಿಗೆಯ ಬಗ್ಗೆ ಹಗುರವಾಗಿ ಬರೆದದ್ದು ನನ್ನ ತಪ್ಪು. ನಿಮ್ಮಲ್ಲಿ ಹಾಗೆ ಹೆಸರು ಹಿಡಿದು ತಮಾಷೆ ಮಾಡುವುದಿಲ್ಲವೇನೋ, ನನಗೆ ಹೊಳೆಯಲಿಲ್ಲ. ನನ್ನ ಪರವಾಗಿ ಅವರಿಗೆ ಒಂದು ಮಾತು ಹೇಳಿಬಿಡು.

ಎಂಜಿನ್ ಬಗ್ಗೆ ನೀನು ಬರೆದದ್ದನ್ನು ಓದಿ ಆವತ್ತು ನಾನು ವಿಮಾನ ಏರಲಿಲ್ಲ. ನೀನು ಹಾಗೆ ಅಂದುಕೊಂಡಿದ್ದೀಯ ಅಂತ ಆಸ್ಪತ್ರೆಯಲ್ಲಿ ಅಷ್ಟು ದಿನ ಪಕ್ಕದಲ್ಲೇ ಕೂತಿದ್ದರೂ ನನಗೆ ತಿಳಿದಿರಲಿಲ್ಲ. ನಾನು ಎರಡನೇ ಗುಂಡಿ ಒತ್ತಿದ ಕೂಡಲೇ "ಬೇಗ ಬೇಗ, ಮೇಲಕ್ಕೆ ಹೋಗಾಣ" ಅನ್ನುತ್ತಿದ್ದೆ. ನೀನು ಸುಮ್ಮನೆ ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ನಿದ್ದೆ ಬಂತೇನೋ ಅಂದುಕೊಳ್ಳುತ್ತಿದ್ದೆ.

ಈಗ ಕೇಳು. ನಮ್ಮ ಹಿತ್ತಲಲ್ಲಿ ಸೀಬೆ ಗಿಡ ಇದೆ. ಅದರಲ್ಲಿ ಒಂದು ಕವೆ ನೋಡಿಟ್ಟಿದ್ದೇನೆ. ಕವೆಯ ಬುಡವನ್ನು ನಿನ್ನ ಅಂಗೈ ಪಟ್ಟಿಯೊಳಗೆ ಸಿಕ್ಕಿಸಿದರೆ ಎರಡು ಕವಲು ಎರಡು ಗುಂಡಿಯ ಮೇಲೆ ಕೂರಬೇಕು. ಮಣಿಕಟ್ಟನ್ನು ಮೇಲಕ್ಕೆತ್ತುವುದು ನಿನಗೆ ಆಗುತ್ತದೆ. ಕೈಯ ಭಾರಕ್ಕೆ ಅದೇ ಅದುಮಿಕೊಳ್ಳುತ್ತದೆ. ಜಾರದ ಹಾಗೆ ತುದಿಗೆ ಸೈಕಲ್ ಟ್ಯೂಬು ಸುತ್ತುತ್ತೇನೆ. ಬಿಲಾಲ್‌ಗೆ ಹೇಳಿ ನಿನ್ನ ಅಂಗೈಯನ್ನು ಒಂದು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆಸು. ಆ ಎರಡು ಗುಂಡಿಯ ನಡುವಿನ ಅಂತರವನ್ನೂ ಅದೇ ಹಾಳೆಯಲ್ಲಿ ಗುರುತು ಮಾಡಿಸಿ ಕಳಿಸು.

ಕವೆ ಮಾಡುವುದು ನನ್ನ ಕೈ. ಸ್ಟಾರ್ಟ್ ಮಾಡುವುದು ನಿನ್ನ ಕೈ. ಇದರಲ್ಲಿ ಯಾರೂ ಬಾಯಿಗೆ ಅನ್ನ ಇಟ್ಟ ಹಾಗಾಗುವುದಿಲ್ಲ.

ದಯಾನಂದ


ತುರುವೇಕೆರೆ
18 ಆಗಸ್ಟ್ 2024

ದಯಾನಂದ,

ಕೈಯ ಗೆರೆ ಇದರ ಜೊತೆಗಿದೆ. ನೋಡಿದರೆ ಯಾರದೋ ಕೈ ಅನ್ನಿಸುತ್ತದೆ. ಎಷ್ಟು ಸಣ್ಣಗಾಗಿದೆ.

ನೀನು ಅಕ್ಸಾಗೆ ಮಾತು ಮುಟ್ಟಿಸು ಅಂದೆ. ಮುಟ್ಟಿಸಲು ಅವಳು ಇಲ್ಲಿಲ್ಲ. ನಾನು ಆಸ್ಪತ್ರೆಯಿಂದ ಬಂದ ಮೇಲೆ ಸ್ವಲ್ಪ ದಿನ ಇದ್ದಳು. ಅವಳೇನೂ ಬೇಸರಿಸಲಿಲ್ಲ, ಸುಳ್ಳು ಹೇಳಬಾರದು. ನನ್ನನ್ನು ಎತ್ತಿ ಕೂರಿಸಿ ಅವಳ ಸೊಂಟ ಹಿಡಿದುಕೊಂಡಿತ್ತು, ಅದನ್ನೂ ಹೇಳಲಿಲ್ಲ. ಒಂದು ದಿನ ಅವಳ ಅಮ್ಮ ತಿಪಟೂರಿನಿಂದ ಬಂದು ಬಾಗಿಲಲ್ಲೇ ನಿಂತು ನನ್ನನ್ನು ನೋಡಿದರು. ನನ್ನ ಕಣ್ಣಿಗೆ ಆಗ ಅಕ್ಸಾಳ ಮುಂದಿನ ವರ್ಷಗಳೆಲ್ಲ ಕಂಡವು. ನಾನೇ ಹೇಳಿದೆ, "ನೀನು ಅಮ್ಮನ ಜೊತೆ ಹೋಗು" ಅಂತ. ಅವಳು, "ಎಷ್ಟು ದಿನಕ್ಕೆ?" ಅಂದಳು. ನಾನು ಗೋಡೆ ಕಡೆ ತಿರುಗಿಸು ಅಂತ ಬಿಲಾಲ್‌ಗೆ ಹೇಳಿದೆ.

ಅವಳು ತಪ್ಪಿಲ್ಲದೆ ಹೋದಳು. ಚೆನ್ನಾಗಿದ್ದಾಳೆ ಅಂತ ನಿನಗೆ ಬರೆದದ್ದೂ ಪೂರ್ತಿ ಸುಳ್ಳಲ್ಲ, ಅಲ್ಲಿ ಟೈಲರಿಂಗ್ ಮಾಡುತ್ತಾಳಂತೆ. ಅಮ್ಮಿ ಮಾತ್ರ ಇವತ್ತಿಗೂ ರೊಟ್ಟಿಗೆ ಹಿಟ್ಟು ಕಲಸುವಾಗ ಅವಳದ್ದೂ ಸೇರಿಸಿ ಕಲಸುತ್ತಾರೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ಕಾಗದದಲ್ಲಾದರೆ ನಿನ್ನ ಮುಖ ಕಾಣುವುದಿಲ್ಲ, ಅದೊಂದು ಅನುಕೂಲ. ನಿನ್ನದು ಹೇಳು. ಬರೀ ಹಾರುವುದನ್ನೇ ಬರೆಯುತ್ತೀಯ.

ಇಸ್ರಾರ್


ಹಂದನಕೆರೆ
15 ಸೆಪ್ಟೆಂಬರ್ 2024

ಇಸ್ರಾರ,

ನಿನ್ನ ಕಾಗದ ಓದಿದ ಮೇಲೆ ಇಷ್ಟು ದಿನ ಕವೆಯನ್ನೇ ಕೆತ್ತುತ್ತಾ ಕೂತೆ. ಮೊದಲನೆಯದು ಸೀಳಿತು. ಎರಡನೆಯದರ ಒಂದು ಕವಲು ಉದ್ದವಾಯಿತು. ಮೂರನೆಯದು ನಿನ್ನ ಗೆರೆಯ ಮೇಲಿಟ್ಟು ನೋಡಿದೆ, ಕೂತಿತು. ಭಾನು ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿದಳು. ಅವ್ವ ಕೊಬ್ಬರಿ ಎಣ್ಣೆ ಹಚ್ಚಿ ಬಿಸಿಲಿಗಿಟ್ಟಳು. ಬಸ್ಸಿನ ಕಂಡಕ್ಟರ್ ರಾಜಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ತಿಪಟೂರಿನಲ್ಲಿ ತುರುವೇಕೆರೆ ಬಸ್ಸಿನವರಿಗೆ ಕೊಡುತ್ತಾನೆ, ಬಿಲಾಲ್ ಸ್ಟ್ಯಾಂಡಿಗೆ ಹೋಗಿ ಈಸಿಕೊಳ್ಳಲಿ.

ಅತ್ತಿಗೆ "ಎಷ್ಟು ದಿನಕ್ಕೆ" ಅಂತ ಕೇಳಿದರು ಅಂದೆಯಲ್ಲ. ಹೋಗುವ ಮನಸ್ಸಿನವರು ಹಾಗೆ ಕೇಳುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ನಾನು ಮದುವೆಯಾಗದವನು, ನನಗೇನು ಗೊತ್ತು. ಆದರೂ ಬರೆದಿದ್ದೇನೆ.

ನನ್ನದು ಹೇಳು ಅಂದೆ. ಏನಿದೆ? ಬಿದ್ದಾಗಿನಿಂದ ಮನೆಯಲ್ಲಿ ಯಾರೂ ಜೋರಾಗಿ ಜಗಳವಾಡುವುದಿಲ್ಲ. ಅಪ್ಪ ನನ್ನ ಕೋಣೆಯ ಮುಂದೆ ಹಾಯುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಾರೆ. ನಾನು ನಕ್ಕರೆ ಮನೆಯೆಲ್ಲ ನಗುತ್ತದೆ, ನಾನು ಸುಮ್ಮನಾದರೆ ದನವೂ ಸುಮ್ಮನಾಗುತ್ತದೆ. ಹೀಗಾಗಿ ನಗುತ್ತಾ ಇರಬೇಕು. ಅದೇ ಸ್ವಲ್ಪ ಆಯಾಸ.

ಹ್ಞಾಂ, ತೊಡೆಯ ಮೇಲೆ ಒಂದು ಸಣ್ಣ ಬೊಬ್ಬೆ ಎದ್ದಿದೆ. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಹಾರುತ್ತೇನಲ್ಲ, ಅದರ ತಳ ಕಾದಿರಬೇಕು. ನನಗೆ ಗೊತ್ತೇ ಆಗಿಲ್ಲ. ಎಣ್ಣೆ ಅರಿಶಿನ ಹಾಕಿ ಬಟ್ಟೆ ಸುತ್ತಿದ್ದೇನೆ. ಅವ್ವನಿಗೆ ಹೇಳಿಲ್ಲ, ಹೇಳಿದರೆ ಲ್ಯಾಪ್‌ಟಾಪ್ ಕಿತ್ತಿಟ್ಟುಬಿಡುತ್ತಾಳೆ. ನೀನೂ ಫೋನಿನಲ್ಲಿ ಬಾಯಿ ಬಿಡಬೇಡ.

ಸ್ಟಾರ್ಟ್ ಆದರೆ ಕೂಡಲೇ ಬರೆ.

ದಯಾನಂದ


ತುರುವೇಕೆರೆ
29 ಸೆಪ್ಟೆಂಬರ್ 2024

ದಯಾನಂದ,

ಹಿಡಿಯಿತು.

ಮೊದಲ ದಿನ ಆಗಲಿಲ್ಲ. ಕವೆ ಗುಂಡಿಯ ಮೇಲೆ ಸರಿಯಾಗೇ ಕೂತಿತು, ನನ್ನ ಕೈಯೇ ಒಂದು ಪಕ್ಕಕ್ಕೆ ವಾಲಿತು. ಎರಡನೇ ದಿನ ಪೆಟ್ರೋಲು ಹೆಚ್ಚು ಕುಡಿಸಿಬಿಟ್ಟೆ. ಅದು ಉಸಿರುಗಟ್ಟಿ ಕೂತಿತು. ಇವತ್ತು ಬೆಳಗ್ಗೆ ಬಿಲಾಲ್‌ಗೆ ಹೊರಗೆ ಹೋಗು ಅಂದೆ. ಬಾಗಿಲು ಮುಂದೆ ಮಾಡಿಸಿಕೊಂಡೆ. ಒಂದೊಂದೇ ಸ್ವಿಚ್ಚು ಹಾಕಿ, ಯಾರನ್ನೂ ಕರೆಯದೆ ಹಲ್ಲಿನಿಂದ ಪಟ್ಟಿ ಸಡಿಲಿಸಿ, ಕಡ್ಡಿ ಬೀಳಿಸಿ, ಕವೆ ಸಿಕ್ಕಿಸಿ, ಹಲ್ಲಿನಿಂದಲೇ ಬಿಗಿದುಕೊಂಡೆ. ಕೈ ಇಳಿಬಿಟ್ಟೆ.

ರೆಕ್ಕೆ ತಿರುಗಿತು. ಕೆಮ್ಮಿತು. ಪಕ್ಕದ ಕೊಳವೆಗಳಿಂದ ಬಿಳೀ ಹೊಗೆ ಬಂತು. ನಾನು ಕೈ ಎತ್ತಲಿಲ್ಲ. ಇನ್ನೊಂದು ಸಲ ಕೆಮ್ಮಿತು, ಆಮೇಲೆ ಒಟ್ಟಿಗೆ ಹಿಡಿದುಕೊಂಡಿತು. ಅಮ್ಮಿ ಒಳಗಿನಿಂದ, "ಯಾರ್ದೋ ಲಾರಿ ಬಂದು ನಿಂತದೆ, ನೋಡೋ ಬಿಲಾಲ್" ಅಂತ ಕೂಗಿದರು. ದಯಾ, ಎಷ್ಟು ದಿನವಾಗಿತ್ತು ಅಮ್ಮಿ ಹಾಗೆ ಕೂಗಿ. ಗಿರಾಕಿ ಬಂದಾಗ ಕೂಗುತ್ತಿದ್ದರು.

ನಾನು ಹಾರಲಿಲ್ಲ. ಅದು ಓಡುವುದನ್ನು ಕೇಳುತ್ತಾ ಕೂತೆ. ಆಮೇಲೆ ಅಮ್ಮಿಗೆ ಹೇಳಿ ತಿಪಟೂರಿಗೆ ಫೋನು ಮಾಡಿಸಿದೆ. ಅಕ್ಸಾ ಎತ್ತಿದಳು. ಅಮ್ಮಿಗೆ, ಫೋನನ್ನು ಕಂಪ್ಯೂಟರಿನ ಪಕ್ಕ ಹಿಡಿಯಿರಿ ಅಂದೆ. ಅವಳು ಅಷ್ಟು ಹೊತ್ತೂ ಕೇಳಿದಳು. ಕೊನೆಗೆ, "ನೀವೇ ಮಾಡಿದ್ದಾ?" ಅಂದಳು. ಹೂಂ ಅಂದೆ. "ಊಟ ಆಯ್ತಾ?" ಅಂದಳು. ಅಷ್ಟೇ.

ಇನ್ನು ಬೊಬ್ಬೆಯ ವಿಷಯ. ಅದನ್ನು ಅಷ್ಟು ಹಗುರವಾಗಿ ಬರೆದಿದ್ದೀಯ, ಕಾಗದದ ತುದಿಯಲ್ಲಿ. ಜೀವಿತಾ ಮೇಡಂ ದಿನಾ ಹೇಳುತ್ತಿದ್ದರು, ನೋವು ಗೊತ್ತಾಗದ ಜಾಗದ ಗಾಯ ಕಳ್ಳನ ಹಾಗೆ ಅಂತ. ನಾಳೆಯೇ ಡಾಕ್ಟರಿಗೆ ತೋರಿಸು. ಅವ್ವನಿಗೆ ಹೇಳು. ಲ್ಯಾಪ್‌ಟಾಪ್ ಮೇಜಿನ ಮೇಲಿಡು. ತೋರಿಸಿದೆ ಅಂತ ನೀನು ಬರೆಯುವ ತನಕ ನಾನೂ ಎಂಜಿನ್ ಮುಟ್ಟುವುದಿಲ್ಲ.

ಇಸ್ರಾರ್


ತುರುವೇಕೆರೆ
20 ಅಕ್ಟೋಬರ್ 2024

ದಯಾನಂದ,

ನಿನ್ನಿಂದ ಉತ್ತರವಿಲ್ಲ. ಫೋನು ಸ್ವಿಚ್ ಆಫ್ ಅನ್ನುತ್ತದೆ. ಭಾನುಪ್ರಿಯಾ ನಂಬರು ನನ್ನ ಹತ್ತಿರ ಇಲ್ಲ.

ನಾನು ಜೋರು ಮಾಡಿ ಬರೆದದ್ದಕ್ಕೆ ಮುನಿಸಿಕೊಂಡೆಯಾ? ಅಥವಾ ಕವೆ ಕೊಟ್ಟಾಯಿತು, ಇವನ ಕೆಲಸ ಮುಗಿಯಿತು ಅಂದುಕೊಂಡೆಯಾ? ಅಂದುಕೊಂಡರೂ ತಪ್ಪಿಲ್ಲ. ದಿನಾ ನನ್ನ ಗೋಳು ಓದುವುದಕ್ಕೆ ನೀನೇನು ಹಣೆಯಲ್ಲಿ ಬರೆಸಿಕೊಂಡು ಬಂದಿಲ್ಲ. ನಿನಗೆ ಎರಡು ಕೈ ಇದೆ, ತೋಟ ಇದೆ, ಮನೆ ತುಂಬ ಜನ ಇದ್ದಾರೆ. ನಾನು ಅದನ್ನು ಎಷ್ಟೋ ಸಲ ಹೊಟ್ಟೆಕಿಚ್ಚಿನಿಂದ ನೆನೆದಿದ್ದೇನೆ. ನೀನೇ ಗಟ್ಟಿ, ನಾನೇ ಮೊದಲು ಹೋಗುವವನು ಅಂತ ಲೆಕ್ಕ ಹಾಕಿಕೊಂಡಿದ್ದೇನೆ.

ಒಂದು ಸಾಲು ಸಾಕು. ಬೈದಾದರೂ ಬರೆ.

ಇಸ್ರಾರ್


ಹಂದನಕೆರೆ
10 ನವೆಂಬರ್ 2024

ಇಸ್ರಾರಣ್ಣನಿಗೆ ಭಾನುಪ್ರಿಯಾ ಮಾಡುವ ನಮಸ್ಕಾರಗಳು.

ಈ ಅಕ್ಷರ ನೋಡಿದ ಕೂಡಲೇ ನಿಮಗೆ ತಿಳಿದಿರುತ್ತದೆ. ದಯಣ್ಣ ಅಕ್ಟೋಬರ್ ಹದಿನೈದರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ತಂದು ತೋಟದಲ್ಲೇ ಮಣ್ಣು ಮಾಡಿದೆವು. ಶಿವಗಣಾರಾಧನೆಯೂ ಮುಗಿಯಿತು. ನಿಮಗೆ ತಿಳಿಸಬೇಕು ಅಂತ ದಿನಾ ಅಂದುಕೊಳ್ಳುತ್ತಿದ್ದೆ. ನಿಮ್ಮ ಅಕ್ಟೋಬರ್ ಕಾಗದ ಅವನು ಹೋದ ಮೇಲೆ ಬಂತು. ಅದನ್ನು ಓದಿ ಇನ್ನೂ ಕಷ್ಟವಾಯಿತು. ಅವನು ಮುನಿಸಿಕೊಂಡಿರಲಿಲ್ಲ.

ತೊಡೆಯ ಗಾಯ ನಮಗೆ ಗೊತ್ತೇ ಇರಲಿಲ್ಲ. ಅವನೇ ಬಟ್ಟೆ ಸುತ್ತಿಕೊಂಡು ಮೇಲೆ ಪಂಚೆ ಹೊದ್ದಿರುತ್ತಿದ್ದ. ಕೋಣೆಯಲ್ಲಿ ವಾಸನೆ ಬಂದಾಗ ಅಟ್ಟದಲ್ಲಿ ಇಲಿ ಸತ್ತಿರಬೇಕು ಅಂತ ನಾನೂ ಅವ್ವನೂ ಕಾಯಿಯನ್ನೆಲ್ಲ ಎತ್ತಿ ಹುಡುಕಿದೆವು. ಅವನು ಕೆಳಗಿನಿಂದ, "ಸಿಕ್ತಾ?" ಅಂತ ಕೇಳುತ್ತಿದ್ದ. ಚಳಿಜ್ವರ ಬಂದ ಮೇಲೆಯೇ ಅಪ್ಪ ಹೊದಿಕೆ ತೆಗೆದು ನೋಡಿದ್ದು. ತಿಪಟೂರಿಗೆ ಕರೆದುಕೊಂಡು ಹೋದೆವು, ಅಲ್ಲಿಂದ ಬೆಂಗಳೂರಿಗೆ. ನಂಜು ರಕ್ತಕ್ಕೆ ಸೇರಿದೆ ಅಂದರು. ಏನು ಸುಟ್ಟಿದ್ದು ಅಂತ ಡಾಕ್ಟರು ಕೇಳಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅವನೇ ಹೇಳಿದ.

ನಿಮ್ಮ ಎಂಜಿನ್ ಸ್ಟಾರ್ಟ್ ಆದ ಕಾಗದ ತಿಪಟೂರಿನ ಆಸ್ಪತ್ರೆಗೆ ಅಪ್ಪ ತಂದುಕೊಟ್ಟರು. ನಾನು ಓದಿ ಹೇಳಿದೆ. "ಕೆಮ್ತು ಅಂತ ಬರೆದವ್ನಲ್ಲ, ಅದನ್ನ ಇನ್ನೊಂದ್ಸಲ ಓದು" ಅಂದ. ಓದಿದೆ. ಜ್ವರದಲ್ಲೂ ನಕ್ಕ. ಆ ನಗು ನಮಗೆ ತೋರಿಸುವುದಕ್ಕೆ ನಕ್ಕಿದ್ದಲ್ಲ, ಅಷ್ಟು ನನಗೆ ತಿಳಿಯುತ್ತದೆ. ಗಾಯದ ಬಗ್ಗೆ ನೀವು ಬೈದದ್ದನ್ನು ಓದುವಾಗ ಮಾತ್ರ ಕಣ್ಣು ಮುಚ್ಚಿಕೊಂಡ. ಆಮೇಲೆ, "ಅವನಿಗೆ ಬರಿ, ತೋರಿಸ್ದೆ ಅಂತ. ಇಲ್ದಿದ್ರೆ ಎಂಜಿನ್ ಮುಟ್ಟಲ್ಲ ಅವನು" ಅಂದ. ಬರೆಯುವುದಕ್ಕೆ ನನಗೆ ಆಗಲಿಲ್ಲ ಅಣ್ಣ. ಈಗ ಬರೆಯುತ್ತಿದ್ದೇನೆ.

ಒಂದು ಕೇಳುವುದಿದೆ. ಅವ್ವ ಊಟ ಸರಿಯಾಗಿ ಮಾಡುತ್ತಿಲ್ಲ. ಒಂದೇ ಸಮ ಕೇಳುತ್ತಾಳೆ, "ಅದರಾಗೆ ಏನ್ ನೋಡ್ತಿದ್ದ ಅವನು, ನಂಗೂ ತೋರ್ಸು" ಅಂತ. ಲ್ಯಾಪ್‌ಟಾಪ್ ತೆಗೆದರೆ ವಿಮಾನ ನಿಂತಿರುತ್ತದೆ. ಏನು ಒತ್ತಿದರೂ ಅಲುಗಾಡುವುದಿಲ್ಲ. ನಿಮಗೆ ಆಗುವುದಾದರೆ ಹೇಗೆ ಅಂತ ಬರೆಯಿರಿ.

ಭಾನುಪ್ರಿಯಾ


ತುರುವೇಕೆರೆ
24 ನವೆಂಬರ್ 2024

ತಂಗಿ ಭಾನುಪ್ರಿಯಾ,

ನಿನ್ನ ಕಾಗದ ಬಂದ ಮಾರನೇ ದಿನ ಬಿಲಾಲ್ ಗೂಡ್ಸ್ ಆಟೋಗೆ ನನ್ನ ಕುರ್ಚಿ ಕಟ್ಟಿಕೊಂಡು ಹೊರಟ. ಚಿಕ್ಕನಾಯಕನಹಳ್ಳಿ ದಾಟುವಷ್ಟರಲ್ಲಿ ನನ್ನ ಕಾಲು ಸೆಟೆದುಕೊಂಡು ಮೈಯೆಲ್ಲ ಎಗರಾಡಿತು. ವಾಪಸ್ಸು ತಿರುಗಿಸಬೇಕಾಯಿತು. ಅವನ ಸಮಾಧಿಗೆ ಒಂದು ಹಿಡಿ ಮಣ್ಣು ಹಾಕುವುದಕ್ಕೂ ಆಗಲಿಲ್ಲ. ಅಪ್ಪ ಅವ್ವನಿಗೆ ನನ್ನ ಪರವಾಗಿ ಹೇಳು.

ನನಗೆ ಸಮಾಧಾನ ಹೇಳಲು ಬರುವುದಿಲ್ಲಮ್ಮ. ಎಂಜಿನ್ ಸ್ಟಾರ್ಟ್ ಮಾಡುವುದು ಬರುತ್ತದೆ, ಅದನ್ನು ಬರೆಯುತ್ತೇನೆ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಡು.

ವಿಮಾನದೊಳಗೆ ಕೂತ ಹಾಗೆ ಚಿತ್ರ ಬರುತ್ತದೆ. ಬಲಗಡೆ ಕೆಳಗೆ ಪೆಟ್ರೋಲಿನ ಕೀಲಿ ಇದೆ, ಅದನ್ನು ಮೇಲಕ್ಕೆ ಮಾಡು. ಮನೆಯ ನಲ್ಲಿ ಬಿಟ್ಟ ಹಾಗೆ. ಎಡಗಡೆ ಎರಡು ಹಿಡಿ ಇವೆ. ದೊಡ್ಡದನ್ನು ಚೂರೇ ಚೂರು ಮುಂದಕ್ಕೆ ತಳ್ಳು, ಅದು ವೇಗದ್ದು. ಪಕ್ಕದ್ದನ್ನು ಪೂರ್ತಿ ಮುಂದಕ್ಕೆ ತಳ್ಳು, ಅದು ರೆಕ್ಕೆಯದ್ದು. ನೀರು ತಣಿಸುವ ಬಾಗಿಲನ್ನು ತೆರೆದಿಡು, ಇಲ್ಲದಿದ್ದರೆ ಬೇಗ ಬಿಸಿಯಾಗುತ್ತದೆ. ಆಮೇಲೆ ಬಲಗಡೆ ಸಣ್ಣ ಪಂಪು. ಅದನ್ನು ಎಳೆದು ಎಳೆದು ತಳ್ಳು. ಸ್ಟವ್‌ಗೆ ಗಾಳಿ ಹಾಕಿದ ಹಾಗೆಯೇ. ಮೊದಮೊದಲು ಹಗುರವಾಗಿರುತ್ತದೆ, ಪೆಟ್ರೋಲು ಬಂತು ಅಂದರೆ ಬಿಗಿಯಾಗುತ್ತದೆ. ಅಲ್ಲಿಂದ ಮೇಲೆ ಸ್ವಲ್ಪ ಸಾಕು. ಆಸೆಗೆ ಹೆಚ್ಚು ಹಾಕಬೇಡ, ನಾನು ಹಾಕಿ ಕೆಟ್ಟೆ. ಎಡಗಡೆ ಎರಡು ಸ್ವಿಚ್ಚು ಮೇಲಕ್ಕೆ ಮಾಡು.

ಈಗ ಕೀಬೋರ್ಡಿನ ಎರಡು ಗುಂಡಿ, ಯಾವುವು ಅಂತ ಕಾಗದದ ಕೆಳಗೆ ಗುರುತು ಮಾಡಿದ್ದೇನೆ. ಎರಡನ್ನೂ ಒಟ್ಟಿಗೆ ಅದುಮು. ರೆಕ್ಕೆ ತಿರುಗುತ್ತದೆ, ಕೆಮ್ಮುತ್ತದೆ. ಹೆದರಿ ಕೈ ತೆಗೆದುಬಿಡುತ್ತಾರೆ ಎಲ್ಲರೂ, ಅಲ್ಲೇ ತಪ್ಪುವುದು. ಕೆಮ್ಮುವುದು ಅಂದರೆ ಅದಕ್ಕೆ ಮನಸ್ಸಿದೆ ಅಂತ. ಹಿಡಿದುಕೊಂಡೇ ಇರು. ಒಂದೇ ಸಮ ಓಡತೊಡಗಿದ ಮೇಲೆ ಬಿಡು.

ಆಗುವುದಾದರೆ ಒಂದು ಗುಂಡಿಯನ್ನು ಅವ್ವನ ಕೈಯಲ್ಲಿ ಒತ್ತಿಸು.

ಈ ಕಾಗದದ ಮೇಲಿನ ವಿಳಾಸ ಅಕ್ಸಾ ಬರೆದದ್ದು. ದಯಾನಂದನ ಸುದ್ದಿ ಅಮ್ಮಿಯಿಂದ ತಿಳಿದು ಬಂದಳು. ಬಂದವಳು ಇದ್ದಾಳೆ. ಎಷ್ಟು ದಿನಕ್ಕೆ ಅಂತ ನಾನು ಕೇಳಿಲ್ಲ.

ಇಸ್ರಾರ್


ಹಂದನಕೆರೆ
8 ಡಿಸೆಂಬರ್ 2024

ಇಸ್ರಾರಣ್ಣ,

ನಿನ್ನೆ ಮಧ್ಯಾಹ್ನ ಅಪ್ಪ ಕಾಯಿ ಸುಲಿಯುವವರ ಹತ್ತಿರ ಹೋಗಿದ್ದಾಗ ನಾನೂ ಅವ್ವನೂ ಕೂತೆವು. ನಿಮ್ಮ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಮಾಡಿದೆ. ಪಂಪು ಬಿಗಿಯಾಗಿದ್ದು ನನಗೆ ಗೊತ್ತಾಯಿತು. ಅವ್ವನ ಬೆರಳು ಹಿಡಿದು ಗುಂಡಿಯ ಮೇಲಿಟ್ಟೆ. ಮೊದಲ ಸಲ ಕೆಮ್ಮಿದ ಕೂಡಲೇ ಅವ್ವ ಕೈ ತೆಗೆದುಬಿಟ್ಟಳು. ನೀವು ಬರೆದದ್ದನ್ನು ಓದಿ ಹೇಳಿದೆ. "ಅದಕ್ಕೆ ಮನ್ಸೈತೆ ಅಂತಾ?" ಅಂತ ಕೇಳಿದಳು. ಹೂಂ ಅಂದೆ. ಎರಡನೇ ಸಲ ಗಟ್ಟಿಯಾಗಿ ಒತ್ತಿ ಹಿಡಿದಳು, ಉಗುರು ಬೆಳ್ಳಗಾಗುವಷ್ಟು.

ಸ್ಟಾರ್ಟ್ ಆಯಿತು. ಅಟ್ಟದ ಮೇಲಿನ ಕಾಯಿಗಳು ಕೂಡ ನಡುಗುತ್ತಿವೆಯೇನೋ ಅನ್ನುವ ಹಾಗೆ ಸದ್ದು.

ಅವ್ವ ಪರದೆಗೆ ಹತ್ತಿರ ಸರಿದಳು. ಬಹಳ ಹೊತ್ತು ನೋಡಿದಳು. ಆಮೇಲೆ, "ಕಾಲೆಲ್ಲಿ ಇಕ್ಕೋತಿದ್ದ?" ಅಂತ ಕೇಳಿದಳು. ಚಿತ್ರವನ್ನು ಕೆಳಗೆ ಸರಿಸಿ ಪೆಡಲ್ ತೋರಿಸಿದೆ. ಅಲ್ಲಿ ಕಾಲಿಲ್ಲ, ಬರೀ ಪೆಡಲ್ ಇದೆ. ದಯಣ್ಣ ಅದನ್ನೂ ಕೈಯಿಂದಲೇ ಆಡಿಸುತ್ತಿದ್ದ ಅಂತ ಹೇಳಿದೆ. ಅವ್ವ ತಲೆಯಾಡಿಸಿದಳು.

ಅಷ್ಟರಲ್ಲಿ ಲ್ಯಾಪ್‌ಟಾಪಿನ ಪಕ್ಕದಿಂದ ಬಿಸಿ ಗಾಳಿ ಬರತೊಡಗಿತು. ಅವ್ವ ಅಂಗೈ ಇಟ್ಟು ನೋಡಿದಳು, ಆಮೇಲೆ ಅದರ ತಳಕ್ಕೆ ಕೈ ಹಾಕಿದಳು. ಅಲ್ಲಿಂದ ಕೈ ತೆಗೆಯಲಿಲ್ಲ. "ಅವ್ವ, ಸುಡ್ತೈತೆ, ತಗಿ" ಅಂದೆ. "ಗೊತ್ತಾಗ್ತೈತೆ ಬುಡು" ಅಂದಳು. ನಾನೇ ಬಲವಂತವಾಗಿ ಈಚೆಗೆ ಎಳೆದೆ. ಆವಾಗ ಅತ್ತಳು. ಅವನು ಹೋದ ದಿನವೂ ಹಾಗೆ ಅತ್ತಿರಲಿಲ್ಲ. ಅತ್ತು ಮುಗಿದ ಮೇಲೆ, ಹಸಿವಾಗ್ತೈತೆ ಅಂತ ಅವಳಾಗಿಯೇ ಕೇಳಿ ಮುದ್ದೆ ಹಾಕಿಸಿಕೊಂಡು ಅಲ್ಲೇ ಕೂತು ಉಂಡಳು. ಅಷ್ಟು ಹೊತ್ತೂ ಎಂಜಿನ್ ಓಡುತ್ತಲೇ ಇತ್ತು.

ಅಣ್ಣ, ಸ್ಟಾರ್ಟ್ ಮಾಡುವುದನ್ನು ನೀವು ಎಲ್ಲ ಬಿಡಿಸಿ ಬರೆದಿದ್ದೀರಿ. ನಿಲ್ಲಿಸುವುದು ಹೇಗೆ ಅಂತ ಬರೆದಿಲ್ಲ. ನಾನು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಮುಚ್ಚಿಬಿಡೋಣ ಅಂತ ಕೈ ಇಟ್ಟರೆ ಅವ್ವ ತಡೆದಳು. ಓಡುತ್ತಾ ಓಡುತ್ತಾ ಕೊನೆಗೆ ಅದರ ಮೂತಿಯಿಂದ ಬಿಳೀ ಹಬೆ ಎದ್ದಿತು, ಸದ್ದು ತಗ್ಗಿತು, ಒಂದು ಸಲ ಅದುರಿ ತಾನಾಗಿಯೇ ನಿಂತಿತು. ಅದು ನಿಂತ ಮೇಲೂ ನಾವು ಎದ್ದೇಳಲಿಲ್ಲ.

ನಿಲ್ಲಿಸುವುದನ್ನೂ ಬರೆದು ಕಳಿಸಿ. ಅವ್ವ ನಾಳೆಯೂ ಕೂರುತ್ತಾಳಂತೆ.

ಭಾನುಪ್ರಿಯಾ